ಹುಣಸೆಮರದ ಹತ್ತಿರ ಮುಗಿಯುತ್ತಿದ್ದ ಪೆಟ್ರೋಲು

ಮಗಳೇ ಸುಧಾ, ನೀನೂ ಅಳಿಯಂದಿರೂ ನಂಜನಗೂಡಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಬೈಕು ತಗೊಂಡು ನಿಂತಿರೋ ಫೋಟೋ ನೋಡಿ, ಈ ದೊಡ್ಡಪ್ಪನ ಕೈಲಿದ್ದ ಕಾಫಿ ಲೋಟ ಜಾರಿಬಿತ್ತು. ಇಂಥ ಗಾಬರಿ ಚಿಕ್ಕಂದಿನಲ್ಲೂ ಒಮ್ಮೆ ಆಗಿತ್ತು.

ಅಪ್ಪ ಹಳೇ ಬೈಕೊಂದನ್ನು ತರೋಕೆ ಅವ್ವನ ಜೊತೆ ನರಸೀಪುರಕ್ಕೆ ಹೋಗಿದ್ದ. ನಾನು ಊರಾಚೆಯ ಹುಣಸೆಮರದ ಕೆಳಗೆ ಹಣ್ಣು ಆಯುತ್ತಾ ಕಾಯುತ್ತಿದ್ದೆ. ಧೂಳೆಬ್ಬಿಸಿಕೊಂಡು ಬೈಕು ಬಂತು. ಓಡಿಸುತ್ತಿದ್ದವಳು ಅವ್ವ! ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದಳು. ಹಿಂದೆ ಅಪ್ಪ ಕಣ್ಣು ಮುಚ್ಚಿಕೊಂಡು ಅವಳ ಭುಜ ಹಿಡಿದಿದ್ದ. ನನ್ನ ಮಡಿಲಲ್ಲಿದ್ದ ಹುಣಸೆಹಣ್ಣೆಲ್ಲ ನೆಲಕ್ಕೆ ಚೆಲ್ಲಿತು.

ಅವ್ವ ತವರಲ್ಲಿ ಅಣ್ಣನ ಗಾಡಿಯಲ್ಲಿ ಕಲಿತಿದ್ದಳಂತೆ. ಅಪ್ಪನಿಗೆ ಬ್ಯಾಲೆನ್ಸೇ ಸಿಗುತ್ತಿರಲಿಲ್ಲ.

"ತಾತಂಗೆ ಯೋಳ್ಬ್ಯಾಡ ಕಣೋ. ಸೊಸೆ ಓಡ್ಸಿದ್ಲು ಅಂತ ಗೊತ್ತಾದ್ರೆ ಗಾಡಿ ಮಾರಿಸ್ಬುಡ್ತಾರೆ" ಅಂದು ಅವ್ವ ಇಳಿದಳು. ಅಲ್ಲಿಂದ ಮನೆವರೆಗೂ ಅಪ್ಪನೇ ತಳ್ಳಿದ.

ಆಮೇಲೆ ಅದೇ ಅಭ್ಯಾಸವಾಯಿತು. ಹೋಗುವಾಗ ಗಾಡಿ ಸ್ಟಾರ್ಟ್ ಆಗದೆ ಮರದವರೆಗೆ ತಳ್ಳುವುದು, ಬರುವಾಗ ಅದೇ ಮರದ ಹತ್ತಿರ ಪೆಟ್ರೋಲು ಮುಗಿಯುವುದು. "ಇದೇನ್ಲಾ, ಎಮ್ಮೆಗಿಂತ ಜಾಸ್ತಿ ಕುಡೀತದೆ!" ಅಂತ ತಾತ ಜಗಲಿ ಮೇಲಿಂದ ಅನ್ನೋರು.

ಒಂದು ಸಂಜೆ ಅಪ್ಪ ಬೆವರು ಸುರಿಸುತ್ತಾ ತಳ್ಳಿಕೊಂಡು ಬಂದ. ತಾತ ಎಲೆಅಡಿಕೆ ಉಗಿದು ಅಂದರು: "ಇನ್ನೆಷ್ಟ್ ದಿನ ತಳ್ತೀಯಲಾ? ಮರದ ಗಂಟ ಓಡ್ಸೋಳ್ಗೆ ಮನೆ ಗಂಟ ಓಡ್ಸಕ್ಕಾಗಾಕಿಲ್ವಾ?"

ಹಿಂದೆ ನಡೆದು ಬರುತ್ತಿದ್ದ ಅವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

ಹಬ್ಬಕ್ಕೆ ಇಬ್ಬರೂ ಬೈಕಲ್ಲೇ ಬನ್ನಿ ಸುಧಾ. ಮರದ ಹತ್ತಿರ ಇಳೀಬೇಡ, ಬಾಗಿಲಿಗೇ ಬಾ. ಜಗಲಿ ಮೇಲೆ ಕೂತಿರ್ತೀನಿ, ಲೋಟ ಗಟ್ಟಿಯಾಗಿ ಹಿಡ್ಕೊಂಡು.