ನಳಿಗೆಯ ಮೇಲಿನ ಖಾಲಿ ಜಾಗ

ನಮ್ಮ ಚಿಕ್ಕಮ್ಮನ ಮನೆಗೆ ಕೋವಿ ತರುವವರು ಗುಂಡುಗಳನ್ನು ತಮ್ಮ ಮನೆಯಲ್ಲೇ ಬಿಟ್ಟು ಬರಬೇಕು. ಜಂಬವನ್ನು ಬೇಕಾದರೆ ಇಲ್ಲಿಯವರೆಗೂ ತರಬಹುದು, ಆದರೆ ಚಪ್ಪಲಿಯ ಜೊತೆ ಹೊರಗೆ ಬಿಡಬೇಕು. ಒಳಗೆ ಬಂದ ಮೇಲೆ ಅಡುಗೆಮನೆಯ ಕಿಟಕಿಯ ಪಕ್ಕ ಒಂದು ಸ್ಟೂಲಿದೆ, ಅದರ ಮೇಲೆ ತೆಪ್ಪಗೆ ಕೂರಬೇಕು. ಲೈಸೆನ್ಸ್ ಇದ್ದವನ ಕಣ್ಣಳತೆ ಬಿಟ್ಟು ಕೋವಿ ಹೋಗಬಾರದು ಎಂಬುದು ಕಾನೂನು. ಹಾಗಾಗಿ ಹೊರಗೆ ಎಷ್ಟೇ ದೊಡ್ಡ ಮನುಷ್ಯನಾದರೂ ಕೆಲಸ ಮುಗಿಯುವವರೆಗೆ ಆ ಸ್ಟೂಲೇ ಅವನ ಗತಿ. ಅದರ ಒಂದು ಕಾಲು ಕುಳ್ಳು. ಸರಿಮಾಡಿಸು ಎಂದರೆ ಚಿಕ್ಕಮ್ಮ ಕೇಳುವುದಿಲ್ಲ, "ಅಲ್ಲಾಡ್ತಾ ಕೂತ್ರೆ ಬಾಯಿ ಕಡಿಮೆ ಆಡುತ್ತೆ" ಎನ್ನುತ್ತಾಳೆ.

ಅವಳ ಕೆಲಸ ಕೋವಿಯ ಉಕ್ಕಿನಲ್ಲಿ ಕೊರೆದಿರುವ ಅಕ್ಷರ, ಅಂಕಿಗಳಿಗೆ ಬಣ್ಣ ತುಂಬುವುದು. ತಯಾರಿಸಿದವರ ಹೆಸರು, ಕೋವಿಯ ನಂಬರು, ಗುಂಡು ಹಾರದಂತೆ ತಡೆಯುವ ಗುಂಡಿಯ ಪಕ್ಕದ ಪುಟಾಣಿ ಗುರುತು, ಎಲ್ಲವೂ ಎಣ್ಣೆ ಕೊಳೆಯಲ್ಲಿ ಮುಚ್ಚಿಹೋಗಿರುತ್ತವೆ. ಮೊದಲು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ, ಸ್ಪಿರಿಟ್ ಹಾಕಿ ತೊಳೆಯಬೇಕು. ಆಮೇಲೆ ಗಟ್ಟಿ ಬಣ್ಣ ಹಚ್ಚಿ, ಹಲ್ಲುಕಡ್ಡಿಯಿಂದ ಸಂದುಗಳಿಗೆ ಒತ್ತಬೇಕು. ಸ್ವಲ್ಪ ಹೊತ್ತು ಬಿಟ್ಟು, ದಪ್ಪ ರಟ್ಟಿಗೆ ಬಿಗಿಯಾಗಿ ಸುತ್ತಿದ ಬಟ್ಟೆಗೆ ಥಿನ್ನರ್ ತಾಗಿಸಿ ಅಡ್ಡಡ್ಡ ಒರೆಸಬೇಕು. ಮೇಲಿನ ಬಣ್ಣ ಹೋಗುತ್ತದೆ, ಕೊರೆದ ಸಂದಿನೊಳಗಿನದು ಉಳಿಯುತ್ತದೆ. ನೋಡುವುದಕ್ಕೆ ನೀರು ಕುಡಿದಷ್ಟು ಸುಲಭ. ನಾನೊಮ್ಮೆ ಒಂದು ಹಾಳು ತುಂಡಿನ ಮೇಲೆ ಪ್ರಯತ್ನಿಸಿ ಉದ್ದುದ್ದಕ್ಕೆ ಒರೆಸಿದೆ, ಅಕ್ಷರದೊಳಗಿನ ಬಣ್ಣವೂ ಬಟ್ಟೆಗೇ ಬಂತು. ಚಿಕ್ಕಮ್ಮ ಅದನ್ನು ಕಿಟಕಿಯಲ್ಲಿಟ್ಟು ಒಂದು ತಿಂಗಳು ಬಂದವರಿಗೆಲ್ಲ ತೋರಿಸಿದಳು.

ಇದೆಲ್ಲ ಅವಳಿಗೆ ನಮ್ಮಜ್ಜ, ಅಂದರೆ ಅವಳಪ್ಪ, ಕಲಿಸಿದ್ದು. ಅಜ್ಜ ಕೋವಿ ರಿಪೇರಿಯವನು, ಕೆತ್ತನೆಯಲ್ಲಿ ಎತ್ತಿದ ಕೈ. ಅವನ ಎರಡು ಪಾಠಗಳನ್ನು ಅವಳು ಇವತ್ತಿಗೂ ಬಿಟ್ಟಿಲ್ಲ. ಅಕ್ಷರ ನೋಡಿಕೊಂಡು ಬಣ್ಣ ಹಚ್ಚಬಾರದು, ಖಾಲಿ ಕಂಡ ಜಾಗವನ್ನೂ ತೊಳೆದು ಇಡೀ ಪಟ್ಟಿಗೆ ಹಚ್ಚಬೇಕು, ಎಲ್ಲಿ ಕೂರಬೇಕು ಎಂಬುದು ಬಣ್ಣಕ್ಕೆ ಗೊತ್ತಿರುತ್ತದೆ. ಇನ್ನೊಂದು, ಕೆಲಸ ಮುಗಿದ ಮೇಲೆ ಕೋವಿ ತಂದವನು ಪ್ರತಿ ಸಾಲನ್ನೂ ಗಟ್ಟಿಯಾಗಿ ಓದಿ ಒಪ್ಪಿಕೊಳ್ಳಬೇಕು. ಓದದೆ ಯಾರ ಕೋವಿಯೂ ಆ ಮನೆಯಿಂದ ಹೊರಗೆ ಹೋಗಿಲ್ಲ.

ಇಷ್ಟೆಲ್ಲ ಕಲಿತರೂ ಚಿಕ್ಕಮ್ಮನಿಗೆ ಅಜ್ಜನ ಮೇಲೆ ಒಂದು ಸಿಟ್ಟು ಉಳಿದೇ ಹೋಯಿತು. ಅವನು ಸತ್ತು ಒಂಬತ್ತು ವರ್ಷವಾದ ಮೇಲೂ ಇಳಿಯದ ಸಿಟ್ಟು ಅದು. ನಮ್ಮಮ್ಮ ಅದನ್ನು ನನಗೆ ಹೇಳಿದ್ದು ನಾನು ದೊಡ್ಡವಳಾದ ಮೇಲೆ.

ಚಿಕ್ಕಮ್ಮನಿಗೆ ಆಗ ಇಪ್ಪತ್ತೆರಡು. ಶೂಟಿಂಗ್ ಕ್ಲಬ್ಬಿನ ವಾರ್ಷಿಕ ಪಂದ್ಯಕ್ಕೆ ಅಜ್ಜ ರಿಪೇರಿ ಪೆಟ್ಟಿಗೆ ಹಿಡಿದು ಹೋದಾಗ ಇವಳೂ ಜೊತೆಗೆ ಹೋಗಿದ್ದಳು. ಸ್ಪರ್ಧಿಯೊಬ್ಬ ಬರಲಿಲ್ಲ. ಯಾರೋ ತಮಾಷೆಗೆ, "ರಿಪೇರಿಯವನ ಮಗಳು ಹೊಡೀಲಿ ಬಿಡ್ರಪ್ಪ" ಎಂದರು. ಅಜ್ಜ ರಿಪೇರಿ ಮಾಡಿದ ಕೋವಿಗಳನ್ನೆಲ್ಲ ಹೊಡೆದು ಪರೀಕ್ಷೆ ಮಾಡುತ್ತಿದ್ದವಳೇ ಇವಳು ಎಂಬುದು ಆ ಮಹಾಶಯರಿಗೆ ಗೊತ್ತಿರಲಿಲ್ಲ. ಹತ್ತಕ್ಕೆ ಹತ್ತು ಗುಂಡೂ ನಟ್ಟನಡುವೆ ಬಿದ್ದವು. ಎಲ್ಲರೂ ಇಂಗು ತಿಂದ ಮಂಗನಂತಾದರು.

ಕ್ಲಬ್ಬಿನಲ್ಲಿ ಒಂದು ದೊಡ್ಡ ರೈಫಲ್ ಇದೆ. ಅದರ ನಳಿಗೆ ಉರುಟಲ್ಲ, ಎಂಟು ಚಪ್ಪಟೆ ಪಟ್ಟಿಯದು; ಮೇಲಿನ ಪಟ್ಟಿಯಲ್ಲಿ ಗೆದ್ದವರ ಹೆಸರನ್ನೂ ವರ್ಷವನ್ನೂ ಒಂದರ ಹಿಂದೊಂದು ಕೆತ್ತುತ್ತಾರೆ. ಪಂದ್ಯದ ದಿನ ಚಹಾ ಮುಗಿಯುವುದರೊಳಗೆ, ಎಲ್ಲರ ಕಣ್ಣೆದುರೇ ಹೆಸರು ಬೀಳಬೇಕು. ಕೆತ್ತುವವನು ಅಜ್ಜನೇ. ಅವತ್ತು ಮಗಳ ಹೆಸರನ್ನು ಅವನು ಎಷ್ಟು ಆಳಕ್ಕೆ ಕೆತ್ತಿದನೆಂದರೆ, ಉಳಿಯ ಸದ್ದು ಮೈದಾನದ ಆಚೆಗೂ ಕೇಳಿತಂತೆ.

ಮೂರನೆಯ ದಿನ ಕಮಿಟಿಯಿಂದ ಕರೆ ಬಂತು. ಅವಳು ಸದಸ್ಯೆಯಲ್ಲ, ಹೆಂಗಸು ಬೇರೆ, ಹೆಸರು ತೆಗೆ ಎಂದರು. ಅಜ್ಜ ತುಟಿ ಪಿಟಕ್ಕೆನ್ನದೆ ರೈಫಲನ್ನು ಮನೆಗೆ ತಂದು, ಬಾಗಿಲು ಹಾಕಿಕೊಂಡು, ಮರುದಿನ ನುಣ್ಣಗೆ ಮಾಡಿ ವಾಪಸು ಕೊಟ್ಟ. ಆ ವರ್ಷ ಪಂದ್ಯವೇ ನಡೆಯಲಿಲ್ಲ ಎಂದು ಕ್ಲಬ್ಬಿನ ಪುಸ್ತಕದಲ್ಲಿ ಬರೆದುಕೊಂಡರು. ಮುಂದಿನ ವರ್ಷ ಗೆದ್ದವನ ಹೆಸರನ್ನು ಅದೇ ಜಾಗದಲ್ಲಿ ಹಾಕು ಎಂದಾಗ ಮಾತ್ರ ಅಜ್ಜ, "ಅರ ಹಾಕಿ ಉಜ್ಜಿದ ಜಾಗದಲ್ಲಿ ಉಳಿ ಜಾರುತ್ತೆ ಸ್ವಾಮಿ" ಎಂದು ಅದರ ಪಕ್ಕಕ್ಕೆ ಕೆತ್ತಿದ. ನಡುವೆ ಒಂದು ಹೆಸರಿನಷ್ಟು ಖಾಲಿ ಜಾಗ ಉಳಿಯಿತು.

ಚಿಕ್ಕಮ್ಮ ಆರು ತಿಂಗಳು ಅಪ್ಪನ ಜೊತೆ ಮಾತು ಬಿಟ್ಟಳು. ಮಾತು ಶುರುವಾದ ಮೇಲೂ ಅದೊಂದನ್ನು ಇವಳು ಕೇಳಲಿಲ್ಲ, ಅವನು ಹೇಳಲಿಲ್ಲ. ನನ್ನನ್ನು ಅಳಿಸಿದ್ದು ಕಮಿಟಿಯಲ್ಲ, ನನ್ನಪ್ಪ ಎಂಬುದು ಅವಳೆದೆಯಲ್ಲಿ ಮುಳ್ಳಾಗಿ ನಿಂತಿತು.

ಮೂವತ್ತೊಂದು ವರ್ಷದ ಮೇಲೆ, ಹೋದ ತಿಂಗಳು, ಆ ರೈಫಲ್ ಅವಳ ಅಡುಗೆಮನೆಗೇ ಬಂತು. ಕ್ಲಬ್ಬಿಗೆ ಹೊಸ ಕಟ್ಟಡವಾಗಿದೆ, ಎದುರಿನ ಹಜಾರದಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಅದನ್ನಿಡುತ್ತಾರಂತೆ. ಹೆಸರುಗಳು ಹೊಳೆಯಬೇಕಂತೆ. ಹೊತ್ತು ತಂದವರು ಈಗಿನ ಕಾರ್ಯದರ್ಶಿ. ಆ ವರ್ಷ ಚಿಕ್ಕಮ್ಮನ ಕೈಯಲ್ಲಿ ಸೋತು ಎರಡನೆಯವರಾದದ್ದು ಇವರೇ. ಮರುವರ್ಷ ಗೆದ್ದದ್ದೂ ಇವರೇ. ಖಾಲಿ ಜಾಗದ ಪಕ್ಕದ ಹೆಸರು ಇವರದು.

ರಜೆಯಾದ್ದರಿಂದ ಬೆಳಿಗ್ಗೆ ನಾನೂ ಅಲ್ಲಿದ್ದೆ. ಇಬ್ಬರೂ ಇದೇ ಮೊದಲ ಸಲ ನೋಡುವವರಂತೆ ಮುಖ ಮಾಡಿಕೊಂಡಿದ್ದರು.

"ಖಾಲಿ ಇದೆಯಮ್ಮಾ, ನಾನೇ ನೋಡಿದೀನಿ," ಎಂದರು ಕಾರ್ಯದರ್ಶಿ.

"ಖಾಲಿ ಅನ್ನೋದನ್ನ ನಾನು ನೋಡ್ಬೇಕು," ಎಂದು ಚಿಕ್ಕಮ್ಮ ಬೋಲ್ಟ್ ಎಳೆದು, ಗುಂಡು ಕೂರುವ ಜಾಗಕ್ಕೆ ಕಿರುಬೆರಳು ತೂರಿಸಿ, ಬೆಳಕಿಗೆ ಹಿಡಿದು ನೋಡಿದಳು. ಎಲ್ಲರ ಕೋವಿಯನ್ನೂ ಹೀಗೇ ನೋಡುತ್ತಾಳೆ.

"ಚಿನ್ನದ ಬಣ್ಣ ಹಾಕಿ. ಹೆಸರುಗಳಿಗೆ ಮಾತ್ರ," ಎಂದು ಅವರು ಸ್ಟೂಲಿನ ಮೇಲೆ ಕೂತು, ಒಮ್ಮೆ ವಾಲಿ, ಗೋಡೆ ಹಿಡಿದುಕೊಂಡರು.

ಚಿಕ್ಕಮ್ಮ ಹಿಂಬದಿಯಿಂದ ತೊಳೆಯುತ್ತ ಬಂದಳು. ಬ್ರಷ್ಷು ಖಾಲಿ ಜಾಗಕ್ಕೆ ಬರುತ್ತಿದ್ದಂತೆ ಕಾರ್ಯದರ್ಶಿ ಕೆಮ್ಮಿದರು.

"ಅಲ್ಲಿ ಬಿಡಿ. ಅಲ್ಲೇನೂ ಇಲ್ವಲ್ಲ."

"ಏನೂ ಇಲ್ದಿದ್ರೆ, ತೊಳೆದ್ರೆ ನಿಮಗೇನು ಹೋಗುತ್ತೆ?"

"ಅಲ್ಲ, ಸುಮ್ನೆ ಸ್ಪಿರಿಟ್ ದಂಡ ಅಂತ."

"ಸ್ಪಿರಿಟ್ ನಂದು ಸಾಹೇಬ್ರೇ."

ಒರೆಸಿದ ಬಟ್ಟೆ ಮಸಿಯಾಯಿತು. ಬೇರೆ ಹೆಸರುಗಳ ಮೇಲೆ ಒರೆಸಿದಾಗ ಬಂದದ್ದು ಕಂದು ಕೊಳೆ, ಇದು ಕಡುಗಪ್ಪು, ಅಂಟಂಟು. ಇನ್ನೊಂದು ಬಟ್ಟೆ ತೆಗೆದುಕೊಂಡಳು, ಅದೂ ಕಪ್ಪು. ಅವಳು ಅದನ್ನು ಮೂಗಿನ ಹತ್ತಿರ ಹಿಡಿದಳು. ಅವಳ ಕೈ ನಿಂತುಹೋಯಿತು. ಆ ಕೈ ಕೆಲಸದ ನಡುವೆ ನಿಂತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಅದು ಅರಗಿನ ವಾಸನೆ. ಅಜ್ಜನ ಪೆಟ್ಟಿಗೆಯಲ್ಲಿ ಕರಿ ಅರಗಿನ ಒಂದು ಡಬ್ಬಿ ಸದಾ ಇರುತ್ತಿತ್ತು. ಅರಗು ಕಾಯಿಸಿದರೆ ಸಂದಿನಲ್ಲಿ ಕೂರುತ್ತದೆ, ಉಜ್ಜಿದರೆ ಉಕ್ಕಿನ ಸಮಕ್ಕೆ ನುಣ್ಣಗಾಗುತ್ತದೆ, ಸ್ಪಿರಿಟ್ ಬಿದ್ದರೆ ಕರಗುತ್ತದೆ. ಚಿಕ್ಕಮ್ಮನಿಗೆ ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ನನಗೂ ಅರ್ಥವಾಯಿತು.

"ಏನದು ಕಪ್ಪು?" ಎಂದರು ಕಾರ್ಯದರ್ಶಿ.

"ಕೊಳೆ. ಮೂವತ್ತೊಂದು ವರ್ಷದ್ದು."

ಅವಳು ಬಣ್ಣದ ಡಬ್ಬಿಯ ಮುಚ್ಚಳ ತೆಗೆದು, ಈ ತುದಿಯಿಂದ ಆ ತುದಿಯವರೆಗೆ ಇಡೀ ಪಟ್ಟಿಗೆ ಬಳಿದಳು. ಕಾರ್ಯದರ್ಶಿ ಎದ್ದು ನಿಂತರು.

"ಹೆಸರುಗಳಿಗೆ ಮಾತ್ರ ಅಂತ ಹೇಳಿದ್ನಲ್ಲಮ್ಮಾ!"

"ಕೊರೆದಿರೋ ಕಡೆ ಮಾತ್ರ ಬಣ್ಣ ನಿಲ್ಲುತ್ತೆ. ಇಲ್ದಿರೋ ಕಡೆ ಒರೆಸಿದ್ರೆ ಹೋಗುತ್ತೆ. ಅಲ್ಲೇನೂ ಇಲ್ಲ ಅಂದ್ರಿ, ಮತ್ಯಾಕೆ ಬೆವರ್ತೀರಿ? ಕೂತ್ಕೊಳ್ಳಿ."

ಅವರು ಕೂತರು. ಏನೋ ಇದೆ ಎಂದು ಒಪ್ಪಿಕೊಳ್ಳದೆ ಬೇಡ ಎನ್ನುವ ದಾರಿ ಅವರಿಗೆ ಇರಲಿಲ್ಲ. ನಾನು ನಗು ತಡೆಯಲಾಗದೆ ಪಾತ್ರೆ ತೊಳೆಯುವ ನೆಪದಲ್ಲಿ ಅತ್ತ ತಿರುಗಿದೆ.

ಹಲ್ಲುಕಡ್ಡಿಯಿಂದ ಒತ್ತಿ, ಸ್ವಲ್ಪ ಹೊತ್ತು ಕಾದು, ಚಿಕ್ಕಮ್ಮ ರಟ್ಟಿಗೆ ಸುತ್ತಿದ ಬಟ್ಟೆ ಹಿಡಿದು ಅಡ್ಡಡ್ಡ ಒರೆಸುತ್ತ ಹೋದಳು. ಒಂದೊಂದೇ ಹೆಸರು ಚಿನ್ನದ ಬಣ್ಣದಲ್ಲಿ ಎದ್ದಿತು. ಖಾಲಿ ಜಾಗದ ಮೇಲೆ ಬಟ್ಟೆ ಹಾದಾಗ ಅಲ್ಲೂ ಚಿಕ್ಕಮ್ಮನ ಹೆಸರಿನ ಅಕ್ಷರಗಳು ಎದ್ದವು. ಉಳಿದೆಲ್ಲ ಹೆಸರುಗಳಿಗಿಂತ ದಪ್ಪಗೆ, ಆಳವಾಗಿ, ಒಂದು ಗೆರೆಯೂ ಕೆಡದೆ. ಮುಂದೆ ಆ ವರ್ಷ. ಅಜ್ಜ ಅರ ಮುಟ್ಟಿಸಿಯೇ ಇರಲಿಲ್ಲ, ಅರಗು ತುಂಬಿ ಮುಚ್ಚಿಟ್ಟಿದ್ದ.

"ಎಲಾ ಮುದುಕಾ!" ಎಂದಳು ಚಿಕ್ಕಮ್ಮ. ಎರಡೂ ಕಣ್ಣಿಂದ ನೀರು ಸುರಿಯುತ್ತಿತ್ತು, ಬಾಯಿ ನಗುತ್ತಿತ್ತು. "ಒಂದು ಮಾತು ಹೇಳೋಕೆ ಏನಾಗಿತ್ತೋ ನಿಂಗೆ? ಇಷ್ಟು ವರ್ಷ ನನ್ನ ಹತ್ರ ಬೈಸ್ಕೊಂಡೆಯಲ್ಲೋ!"

ಕಾರ್ಯದರ್ಶಿಯ ಮುಖ ಸುಟ್ಟ ಬದನೆಕಾಯಿಯಾಗಿತ್ತು. "ಅದನ್ನ ತೆಗೀರಿ," ಎಂದರು. "ಪುಸ್ತಕದಲ್ಲಿ ಆ ವರ್ಷ ಪಂದ್ಯ ಇಲ್ಲ."

ಚಿಕ್ಕಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಥಿನ್ನರಿನ ಬಾಟಲಿಯನ್ನೂ ಒಂದು ಬಟ್ಟೆಯನ್ನೂ ಅವರ ಮುಂದೆ ತಳ್ಳಿದಳು.

"ನಮ್ಮಪ್ಪನ ಕೈಲಿ ಆಗ್ಲಿಲ್ಲ, ನನ್ನ ಕೈಲೂ ಆಗಲ್ಲ. ನೀವೇ ಒರೆಸಿ. ಬಣ್ಣ ಇನ್ನೂ ಹಸಿ ಇದೆ, ಥಿನ್ನರ್ ಹರಿಯುತ್ತೆ, ಪಕ್ಕದ ಹೆಸರೂ ಹೋಗುತ್ತೆ. ಪಕ್ಕದ್ದು ಯಾರದು ಅಂತ ನೋಡ್ಕೊಂಡು ಒರೆಸಿ. ಬಣ್ಣ ಹೋದ್ರೂ ಕೊರೆದದ್ದು ಹಾಗೇ ಇರುತ್ತೆ. ಅದನ್ನ ತೆಗೀಬೇಕಂದ್ರೆ ಅರ ಹಾಕಿಸ್ಬೇಕು. ಯಾಕೆ ಹಾಕಿಸ್ತಿದೀರಿ ಅಂತ ಕೇಳಿದವರಿಗೆಲ್ಲ ನೀವೇ ಉತ್ತರ ಕೊಡಿ."

ಅವರು ಬಟ್ಟೆ ತೆಗೆದುಕೊಂಡರು. ನಳಿಗೆಯ ಮೇಲೆ ಬಗ್ಗಿದರು. ಖಾಲಿ ಜಾಗ ಈಗ ಖಾಲಿಯಿರಲಿಲ್ಲ, ಅದಕ್ಕೆ ಒತ್ತಿಕೊಂಡೇ ಅವರದೇ ಹೆಸರು ಹೊಳೆಯುತ್ತಿತ್ತು. ಬಟ್ಟೆಯನ್ನು ಹಾಗೇ ಮೇಜಿನ ಮೇಲಿಟ್ಟರು.

"ಹತ್ತಕ್ಕೆ ಹತ್ತು," ಎಂದು ಗೊಣಗಿದರು. "ನಂದು ಎಂಟು."

"ಗೊತ್ತು," ಎಂದಳು ಚಿಕ್ಕಮ್ಮ. "ಓದಿ ಈಗ."

"ಏನು?"

"ಓದದೆ ಇಲ್ಲಿಂದ ಯಾವ ಕೋವಿನೂ ಹೋಗಲ್ಲ. ಎಲ್ಲರಿಗೂ ಅದೇ."

ಕಾರ್ಯದರ್ಶಿ ಕನ್ನಡಕ ಹಾಕಿಕೊಂಡು ಮೊದಲಿಂದ ಓದತೊಡಗಿದರು. ಹೆಸರು, ವರ್ಷ. ಹೆಸರು, ವರ್ಷ. ದೊಡ್ಡ ಸಭೆಗಳಲ್ಲಿ ಮಾತಾಡಿ ಪಳಗಿದ ಗಂಟಲು, ಅಡುಗೆಮನೆ ತುಂಬಿತು. ಆ ಸಾಲಿಗೆ ಬಂದು ನಿಂತರು. ಚಿಕ್ಕಮ್ಮ ಸೊಂಟದ ಮೇಲೆ ಕೈಯಿಟ್ಟು ಕಾದಳು. ಅವರು ಗಂಟಲು ಸರಿಮಾಡಿಕೊಂಡು, ಬಾಯೊಳಗೇ, ಅವಳ ಹೆಸರನ್ನೂ ವರ್ಷವನ್ನೂ ಓದಿದರು.

"ಕೇಳಿಸ್ಲಿಲ್ಲ," ಎಂದಳು ಚಿಕ್ಕಮ್ಮ. "ಇನ್ನೊಂದ್ಸಲ ಓದಿ, ನಮ್ಮಪ್ಪನಿಗೆ ಕೇಳೋ ಹಾಗೆ."