ಕಾಪುವಿನ ಮರಳಿನಲ್ಲಿ ತಾಯ್ ಚಿ

ಕಾಪುವಿನ ದೀಪಸ್ತಂಭದ ಹತ್ತಿರ, ಬೆಳಗಿನ ಆರೂವರೆ. ಕಟಪಾಡಿಯಲ್ಲಿ ನಾನು ಉಳಿದುಕೊಂಡಿರುವ ಮನೆಯ ಯಜಮಾನ ಲಾರೆನ್ಸರು ಮರಳಿನ ಮೇಲೆ ತಾಯ್ ಚಿ ಮಾಡುತ್ತಿದ್ದರು. ಹಡಗಿನ ಕೆಲಸದಲ್ಲಿದ್ದಾಗ ಚೀನಾದ ಅಡುಗೆಯವನೊಬ್ಬ ಅವರ ಉಬ್ಬಸಕ್ಕೆಂದು ಕಲಿಸಿದ ವಿದ್ಯೆ ಅದು. ಹೊಡೆದಾಟದ ವಿದ್ಯೆಯೂ ಹೌದು ಎಂದು ಅವರು ಹೇಳಿದ್ದನ್ನು ನಾನು ನಂಬಿರಲಿಲ್ಲ. ಕೈಕಾಲು ಅಷ್ಟು ನಿಧಾನವಾಗಿ ಚಲಿಸುತ್ತಿದ್ದವು.

ದಡದಲ್ಲಿ ಬಲೆ ಎಳೆಯುತ್ತಿದ್ದವರಲ್ಲಿ ಒಬ್ಬ ಹಗ್ಗ ಬಿಟ್ಟು ಓಡಿಬಂದ.

“ಎಂತ ಮಾಟ ಮಾಡುವುದು ಪೊರ್ಬುಗಳೇ ನೀವು? ಮೂರು ದಿನದಿಂದ ಬಲೆಯಲ್ಲಿ ಒಂದು ಬೂತಾಯಿ ಮೀನು ಸಹ ಇಲ್ಲ!” ಕ್ರೈಸ್ತರನ್ನು ಇಲ್ಲಿ ಪೊರ್ಬು ಎಂದೇ ಕರೆಯುವುದು.

“ಮಾಟ ಅಲ್ಲ ಶೇಖರ, ಉಸಿರಿಗೆ ವ್ಯಾಯಾಮ” ಎಂದರು ಲಾರೆನ್ಸರು. ಕೈ ನಿಲ್ಲಿಸಲಿಲ್ಲ. ಅದೇ ಅವನನ್ನು ಕೆರಳಿಸಿತು. ಎರಡೂ ಕೈಯಿಂದ ಅವರ ಎದೆಗೆ ನೂಕಿದ.

ಲಾರೆನ್ಸರು ಸೊಂಟವನ್ನಷ್ಟೇ ತಿರುಗಿಸಿದರು. ಮುಗ್ಗರಿಸಿದ ಶೇಖರ ಮುಂದಿದ್ದ ಬಂಡೆಯ ಮೇಲೆ ಬೀಳುವುದರಲ್ಲಿದ್ದ. ಅವರೇ ಅವನ ಮಣಿಕಟ್ಟು ಹಿಡಿದು ನಿಲ್ಲಿಸಿದರು. ಅಷ್ಟು ಹೊತ್ತಿಗೆ ಉಳಿದವರೂ ಬಂದು ಸುತ್ತುವರಿದಿದ್ದರು. ಒಬ್ಬನ ಕೈಯಲ್ಲಿ ದೋಣಿಯ ಹುಟ್ಟು ಇತ್ತು.

“ಬಿದ್ದಿದ್ದರೆ ತಲೆ ಒಡೆಯುತ್ತಿತ್ತು ಮಾರಾಯ” ಎಂದ ಮುದುಕನೊಬ್ಬ ಶೇಖರನಿಗೆ. ಆಮೇಲೆ ಲಾರೆನ್ಸರತ್ತ ತಿರುಗಿ, “ನಾಳೆಯಿಂದ ಬೇರೆ ಕಡೆ ಮಾಡಬಹುದಲ್ವಾ?” ಎಂದ.

“ಇಲ್ಲೇ ಮಾಡುತ್ತೇನೆ. ಮಾಟ ಉಂಟಾ ಎಂದು ನೀವೇ ನಿಂತು ನೋಡಿ.”

ಲಾರೆನ್ಸರ ಮಾತು ಗಟ್ಟಿಯಾಗಿತ್ತು. ಅವರು ಮೊದಲಿನಿಂದ ಶುರು ಮಾಡಿದರು. ಹುಟ್ಟು ಹಿಡಿದವನು ಅದನ್ನು ಕೆಳಗಿಡಲಿಲ್ಲ. ಶೇಖರ ಮಣಿಕಟ್ಟು ತಿಕ್ಕಿಕೊಳ್ಳುತ್ತಾ, ಯಾರನ್ನೂ ನೋಡದೆ, ಲಾರೆನ್ಸರಿಗೂ ಆ ಹುಟ್ಟಿಗೂ ನಡುವೆ ಹೋಗಿ ನಿಂತ.