ಬ್ಲೌಸಿನ ಮೂವತ್ತೆಂಟು

ಗಂಟು ಮೊದಲು ಸಿಕ್ಕಿದ್ದು ನನ್ನ ಬೆರಳಿಗೇ, ಸ್ನಾನ ಮಾಡುವಾಗ. ಬಟಾಣಿಯಷ್ಟು. ನೋವಿರಲಿಲ್ಲ. ನೋವಿಲ್ಲವಲ್ಲ ಅಂತ ಹದಿನೈದು ದಿನ ಸುಮ್ಮನಿದ್ದೆ, ನನ್ನ ಬುದ್ಧಿಗಿಷ್ಟು! ಮ್ಯಾಮೊಗ್ರಾಮ್, ಬಯಾಪ್ಸಿ ಎಲ್ಲ ಆದ ಮೇಲೆ ಡಾಕ್ಟರ್ ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಕೂತರು.

"ಬಲಗಡೆ ಬ್ರೆಸ್ಟ್ ಪೂರ್ತಿ ತೆಗೀಬೇಕಾಗುತ್ತೆ ಮೇಡಂ."

ತೆಗೆದರು.

ಕೀಮೋ ಮುಗಿಯಿತು. ಕೂದಲು ಮತ್ತೆ ಬಂತು. ಫಿಸಿಯೋಥೆರಪಿಯಿಂದ ಬಲಗೈ ಮೇಲೇಳತೊಡಗಿತು. ನಾನು ರಾಮಮೂರ್ತಿ ನಗರದ ಒಂದು ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಮತ್ತೆ ಬೋರ್ಡಿನ ಮುಂದೆ ನಿಂತರೆ ಸಾಕಪ್ಪಾ ಎಂದು ದಿನ ಎಣಿಸುತ್ತಿದ್ದೆ. ಆಸ್ಪತ್ರೆಯಲ್ಲಿ ಹೇಳಿದಂತೆ ತೆಗೆದ ಸ್ತನದ ಜಾಗಕ್ಕೆ ಸಿಲಿಕೋನ್ ಪ್ರಾಸ್ಥೆಸಿಸ್ಸನ್ನೂ ಅದನ್ನು ಇಟ್ಟುಕೊಳ್ಳಲು ಒಳಜೇಬಿರುವ ಬ್ರಾವನ್ನೂ ತರಿಸಿದೆ. ಸೈಜ್ ಕೇಳಿದ್ದರು. ಮೂವತ್ತೆಂಟು ಎಂದು ಬರೆದಿದ್ದೆ.

ಮೊದಲ ದಿನವೇ ಫಜೀತಿ. ತ್ರಿಕೋನ ಬರೆಯಲು ಕೈ ಎತ್ತಿದೆ. ಬ್ರಾ ಇಡಿಯಾಗಿ ಮೇಲೇರಿ, ಪ್ರಾಸ್ಥೆಸಿಸ್ ಕುತ್ತಿಗೆಯ ಹತ್ತಿರ ಬಂದು ಕೂತಿತು. ಸೆರಗು ಎಳೆದುಕೊಂಡು ಟೇಬಲ್ಲಿನ ಹಿಂದೆ ಕುಸಿದೆ. ಮರುದಿನದಿಂದ ಮಕ್ಕಳ ಕೈಲೇ ಬೋರ್ಡಿನ ಮೇಲೆ ಬರೆಸಿದೆ. ಭುಜದ ಪಟ್ಟಿ ಬಿಗಿ ಮಾಡಿ ನೋಡಿದೆ, ಭುಜದಲ್ಲಿ ಕೆಂಪು ಗೀರು ಬಿತ್ತೇ ಹೊರತು ಬ್ರಾ ನಿಲ್ಲಲಿಲ್ಲ. ಕೀಮೋವನ್ನೇ ತಡೆದುಕೊಂಡವಳಿಗೆ ಈ ನಾಚಿಕೆ ತಡೆಯಲಾಗಲಿಲ್ಲ. ಕೆಲಸ ಬಿಟ್ಟುಬಿಡುತ್ತೇನೆ ಎಂದು ಅತ್ತುಬಿಟ್ಟೆ.

ನನ್ನನ್ನು ನೋಡಿಕೊಳ್ಳಲು ರಾಣೆಬೆನ್ನೂರಿನಿಂದ ಬಂದಿದ್ದ ಅವ್ವ ಬೈದಳು. "ನೌಕರಿ ಬಿಡ್ತಾಳಂತ ನೌಕರಿ! ಬಾಡಿ ಸರಿ ಕುಂದ್ರವಲ್ತಂದ್ರ ಬ್ಯಾರೇ ಬಾಡಿ ತಗೋ. ಏಳ, ನಡಿ." ಬ್ರಾಗೆ ಅವಳು ಇವತ್ತಿಗೂ ಬಾಡಿ ಎಂದೇ ಹೇಳುವುದು.

ಕಮರ್ಷಿಯಲ್ ಸ್ಟ್ರೀಟಿನ ಪಕ್ಕದ ಗಲ್ಲಿಯಲ್ಲಿ ಹೆಂಗಸರೇ ನಡೆಸುವ ಅಂಗಡಿಗೆ ಹೋದೆವು. ಕೊರಳಿಗೆ ಟೇಪ್ ಹಾಕಿಕೊಂಡಿದ್ದ ಆಂಟಿ ಸೈಜ್ ಕೇಳಿದರು. ಇಷ್ಟು ವರ್ಷ ಗಂಡಸರಿರುವ ಅಂಗಡಿಗಳಲ್ಲಿ ಪಿಸುಗುಟ್ಟಿದ ಹಾಗೇ ಪಿಸುಗುಟ್ಟಿದೆ, "ಮೂವತ್ತೆಂಟು."

"ಯಾರ್ ಹೇಳಿದ್ದು?"

"ಟೈಲರ್. ಬ್ಲೌಸ್ ಅಳತೆ ತೆಗೆದಾಗ."

"ಯಾ ಅಲ್ಲಾ! ಅದು ಬ್ಲೌಸ್ ನಂಬರ್ ಮೇಡಂ, ಎದೆ ಮೇಲಿಂದ ತೆಗೆದಿದ್ದು. ಬ್ರಾ ನಿಲ್ಲೋದು ಎದೆ ಕೆಳಗಿನ ಪಟ್ಟಿ ಮೇಲೆ. ಪಟ್ಟಿ ಸಡಿಲ ಇಟ್ಕೊಂಡು ನೀವು ಭುಜದ ಮೇಲೆ ನಿಲ್ಲಿಸ್ತಾ ಇದೀರ."

ಪರದೆಯ ಹಿಂದೆ ಕರೆದುಕೊಂಡು ಹೋದರು. ಗಾಯದ ಗುರುತು ನೋಡಿ ಮುಖ ತಿರುಗಿಸಲಿಲ್ಲ. ಪಾಪ ಅನ್ನಲಿಲ್ಲ. ನಾನು ಅದಕ್ಕೇ ಅವರಿಗೆ ಅರ್ಧ ಋಣಿ. ಎದೆಯ ಕೆಳಗೆ ಟೇಪ್ ಸುತ್ತಿದರು, ಮೂವತ್ತನಾಲ್ಕು. ಪ್ರಾಸ್ಥೆಸಿಸ್ ಇಟ್ಟು ಮೇಲೆ ಸುತ್ತಿದರು, ಮೂವತ್ತೆಂಟು. ನಡುವಿನ ಒಂದೊಂದು ಇಂಚಿಗೂ ಒಂದೊಂದು ಅಕ್ಷರವಂತೆ, ಒಂದಕ್ಕೆ ಎ, ನಾಲ್ಕಕ್ಕೆ ಡಿ ಕಪ್; ನನ್ನ ಸೈಜ್ ಮೂವತ್ತನಾಲ್ಕು ಡಿ. ಒಂದು ಕಳೆಯುವ ಲೆಕ್ಕ! ಮಕ್ಕಳಿಗೆ ಗಣಿತ ಕಲಿಸುವವಳಿಗೆ ವಯಸ್ಸು ನಲವತ್ತಾರಾದರೂ ಇದು ಹೊಳೆದಿರಲಿಲ್ಲ.

ಹೊಸದನ್ನು ಹಾಕಿ, ಬೆನ್ನಿನ ಪಟ್ಟಿಯೊಳಗೆ ಎರಡು ಬೆರಳು ತೂರಿಸಿ ನೋಡಿ, "ಈಗ ಕೈ ಎತ್ತಿ" ಅಂದರು.

ಎತ್ತಿದೆ.

ಅದು ಇದ್ದಲ್ಲೇ ಇತ್ತು. ನನಗೆ ಅಳು ಬಂದುಬಿಟ್ಟಿತು. ಹೊರಗಿನಿಂದ ಅವ್ವ ಕೂಗಿದಳು, "ಆತೇನು? ನಂದೂ ಒಂದೀಟು ಅಳತಿ ತಗೀರಿ ಯವ್ವಾ!"

ಮೂರು ತಿಂಗಳಿಗೊಮ್ಮೆ ಚೆಕಪ್ ಇದೆ. ಹಿಂದಿನ ದಿನ ಅನ್ನ ಸೇರುವುದಿಲ್ಲ. ಆ ಭಯ ಹೋಗುತ್ತದೆಂದು ನಾನು ಅಂದುಕೊಂಡಿಲ್ಲ. ಆದರೂ ಡಾಕ್ಟರನ್ನು ನೆನೆಯುವಾಗೆಲ್ಲ ಆ ಆಂಟಿಯನ್ನೂ ನೆನೆಯುತ್ತೇನೆ.

ಹೊಸ ಬ್ರಾ ತಂದ ಮರು ಸೋಮವಾರ ಒಂಬತ್ತನೇ ಕ್ಲಾಸಿನಲ್ಲಿ ಬೋರ್ಡಿನ ಮೇಲ್ತುದಿಯಿಂದ ಶುರುಮಾಡಿ ಬರೆದೆ, ಅಳಿಸಿದೆ, ಮತ್ತೆ ಬರೆದೆ. ಹಿಂದಿನ ಬೆಂಚುಗಳಿಂದ ಹುಡುಗಿಯರು ಗಲಾಟೆ ಎಬ್ಬಿಸಿದರು: "ಮಿಸ್, ಅಳಿಸ್ಬೇಡಿ! ನಾವಿನ್ನೂ ಬರ್ಕೊಂಡೇ ಇಲ್ಲ, ಎಷ್ಟ್ ಸ್ಪೀಡು ನೀವು!"

ಬೈಸಿಕೊಂಡು ಇಷ್ಟು ಸಂತೋಷ ನನಗೆ ಯಾವತ್ತೂ ಆಗಿರಲಿಲ್ಲ.